ಮೂವತ್ತೊಂದನೆಯ ಕ್ಯಾಸೆಟ್

ಅಕ್ಕನ ಮನೆ ನೋಡಲು ಬರುವವರಿಗೆ ಮೊದಲು ಕಾಣುವುದು ಒಂದು ಬೆಂಚು. ಅವಳು ಬರೆಯುತ್ತಿದ್ದ ಕೋಣೆಯ ಕಿಟಕಿಯ ಕೆಳಗೆ, ಹೊರಗೋಡೆಗೆ ಅಂಟಿಕೊಂಡ ಹಾಗೆ ಇದೆ. ಒಡೆದ ದೋಣಿಯೊಂದರ ಹಲಗೆಯಿಂದ ನಾನೇ ಮಾಡಿದ್ದು, ಮೂವತ್ತೆಂಟು ವರ್ಷ ನಾನೇ ಕೂತದ್ದು. ಈಗ ಅದರ ಮೇಲೊಂದು ಫಲಕ ಇದೆ: ‘ದಯವಿಟ್ಟು ಕೂರಬೇಡಿ.’

ಫಲಕ ಬಂದ ದಿನ ನಾನು ಮ್ಯಾನೇಜರಮ್ಮನನ್ನು ಕೇಳಿದೆ. “ಇದನ್ನ ನನ್ನನ್ನೂ ಸೇರಿಸಿ ಬರೆಸಿದ್ದೀಯೇನಮ್ಮಾ?”

“ನೀವು ಕೂತ್ರೆ ಬಂದೋರೆಲ್ಲ ಕೂರ್ತಾರೆ ಅಂಕಲ್. ಹಳೇ ಮರ, ತಡಿಯಲ್ಲ.”

“ಬೆಂಚು ಇರೋದು ಕೂರೋಕಲ್ವಾ?”

“ಇದು ಈಗ ಬೆಂಚಲ್ಲ. ಪ್ರದರ್ಶನದ ವಸ್ತು.”

“ಹಾಗಾದ್ರೆ ನನ್ನ ಬೆನ್ನಿಗೂ ಒಂದು ಹಚ್ಚಿಬಿಡು. ಮುಟ್ಟಬೇಡಿ ಅಂತ.”

ಅವಳು ನಕ್ಕಳು. ಒಳ್ಳೆಯ ಹುಡುಗಿ. ಟ್ರಸ್ಟಿನವರು ಈ ಮನೆಯನ್ನು ಅಕ್ಕನ ಸ್ಮಾರಕವಾಗಿ ವಹಿಸಿಕೊಂಡ ಮೇಲೆ ಇಲ್ಲಿ ಒಂದು ಹೆಂಚು ಜಾರಿಲ್ಲ, ಒಂದು ಹಾಳೆಗೆ ಗೆದ್ದಲು ಹಿಡಿದಿಲ್ಲ ಎಂದರೆ ಅದು ಅವಳಿಂದ. ಅಕ್ಕನ ಕನ್ನಡಕ, ಹಿಡಿ ಮುರಿದ ಬಟ್ಟಲು, ಮೇಜಿನ ಮೇಲಿನ ಶಾಯಿಯ ಕಲೆ, ಎಲ್ಲವೂ ಅಕ್ಕ ಬಿಟ್ಟು ಹೋದ ಹಾಗೇ ಇವೆ. ಕೋಣೆಗೆ ಅಡ್ಡವಾಗಿ ಒಂದು ಹಗ್ಗ. ಹಗ್ಗದ ಈಚೆ ನಾನು ನಿಲ್ಲುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಕಿಟಕಿ ತೆಗೆಯುವುದು, ಸಂಜೆ ಐದಕ್ಕೆ ಮುಚ್ಚುವುದು, ನಡುವೆ ಯಾರೂ ಹಗ್ಗ ದಾಟದ ಹಾಗೆ ನೋಡುವುದು ನನ್ನ ಕೆಲಸ. ಮಲಗಲು ಹಿಂದುಗಡೆ ಒಂದು ಕೋಣೆ ಕೊಟ್ಟಿದ್ದಾರೆ.

ಅಕ್ಕ ಬರೆದದ್ದೆಲ್ಲ ಈ ಹೊಳೆಯ ಬಗ್ಗೆ. ಏಳು ಪುಸ್ತಕ. ಅವುಗಳಿಂದಾಗಿ ಮೇಲ್ದಂಡೆಯ ಕಾರ್ಖಾನೆ ಕೊಳೆನೀರು ಬಿಡುವುದನ್ನು ನಿಲ್ಲಿಸಿತು. ಮರಳು ಬಗೆಯುವ ಯಂತ್ರಗಳು ಗಂಟುಮೂಟೆ ಕಟ್ಟಿದವು. ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ದ ನೀರುನಾಯಿಗಳು ಒಂದು ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಬಂದು ಮೈ ಒಣಗಿಸಿಕೊಂಡವು. ನಾನು ಅಂಗಳದ ತುದಿಯ ಶೆಡ್ಡಿನಲ್ಲಿ ದೋಣಿ ಕಟ್ಟುತ್ತಿದ್ದೆ, ಸೋರುವ ದೋಣಿಗಳಿಗೆ ಡಾಂಬರು ಬಳಿಯುತ್ತಿದ್ದೆ. ನಮಗಿಬ್ಬರಿಗೂ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ ಅಕ್ಕ, “ನಾನು ಹೊಳೇನ ಕಟ್ಕೊಂಡೆ, ಇವನು ದೋಣಿ ಕಟ್ಕೊಂಡ, ಇನ್ನೇನಾಗ್ಬೇಕು ನಿಮಗೆ?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ದಿನವಿಡೀ ಹಲಗೆ ಕುಟ್ಟುತ್ತಿದ್ದೆನಾದ್ದರಿಂದ ನನಗೆ ಅವಳಿಟ್ಟ ಹೆಸರು ಮರಕುಟಿಗ.

ನಾನು ಓದಿದವನಲ್ಲ. ಅಕ್ಷರ ಬರುತ್ತದೆ, ಆದರೆ ಕಣ್ಣಿನಿಂದ ಓದಿದ್ದು ನನ್ನೊಳಗೆ ಇಳಿಯುವುದಿಲ್ಲ. ಕಿವಿಯಿಂದಲೇ ಬರಬೇಕು. ಅದು ಅಮ್ಮನಿಂದ ಬಂದದ್ದು. ಅಮ್ಮನಿಗೆ ಅಕ್ಷರವೇ ಬರುತ್ತಿರಲಿಲ್ಲ, ಆದರೆ ಅವಳ ತಾಯಿಯಿಂದ ಕೇಳಿ ಕಲಿತ ಸಾವಿರಾರು ಪದ್ಯಗಳು ಬಾಯಲ್ಲಿದ್ದವು. ಸಂಜೆ ದೀಪ ಹಚ್ಚಿ, ಕೈಮುಗಿದು, ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ರಾಗವಾಗಿ ಹೇಳುತ್ತಿದ್ದಳು. ಒಂದೊಂದು ಪದ್ಯ ಮುಗಿದಾಗಲೂ ನಾವು ‘ಹೂಂ’ ಅನ್ನಬೇಕು. ಅನ್ನದಿದ್ದರೆ ಅಲ್ಲಿಗೇ ಕಥೆ ನಿಂತಿತು. ಎಷ್ಟೋ ಸಲ ನಾವು ತೂಕಡಿಸಿ, ಬಾಣ ಹೂಡಿದ ವೀರ ಮಾರನೆಯ ದಿನದ ದೀಪದವರೆಗೂ ಹೆದೆ ಎಳೆದುಕೊಂಡೇ ನಿಲ್ಲಬೇಕಾಗಿ ಬಂದಿದೆ. “ಕೇಳೋರಿಲ್ಲದೆ ಹೇಳಿದ್ರೆ ಮಾತಿಗೆ ಅವಮಾನ” ಎನ್ನುತ್ತಿದ್ದಳು ಅಮ್ಮ. ಈಗಲೂ ದೇವರ ಎದುರು ನಿಂತರೆ ನನಗೆ ಬೇಡಿಕೊಳ್ಳಲು ಏನೂ ಹೊಳೆಯುವುದಿಲ್ಲ. ಕಿವಿಗೊಟ್ಟು ನಿಂತಿರುತ್ತೇನೆ.

ಅಕ್ಕ ಬರೆಯತೊಡಗಿದಾಗ ಆ ಕಟ್ಟಳೆಯನ್ನು ತನಗೂ ಹಾಕಿಕೊಂಡಳು. ಮಧ್ಯಾಹ್ನ ಊಟವಾದ ಮೇಲೆ ನಾನು ಕಿಟಕಿಯ ಕೆಳಗಿನ ಬೆಂಚಿನಲ್ಲಿ ಹೊಳೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅವಳು ಒಳಗಿನಿಂದ ಬೆಳಿಗ್ಗೆ ಬರೆದದ್ದನ್ನು ಓದುತ್ತಿದ್ದಳು. ಒಂದು ವಾಕ್ಯ ಓದಿ ನಿಲ್ಲುವಳು. ನಾನು ಹೂಂ ಅಂದರೆ ಮುಂದಿನದಕ್ಕೆ ಹೋಗುವಳು. ಅನ್ನದಿದ್ದರೆ ಪೆನ್ನಿನಿಂದ ಗೀಚುವ ಸದ್ದು ಕೇಳುತ್ತಿತ್ತು. ಏನು ತಪ್ಪು ಎಂದು ಅವಳು ಕೇಳುತ್ತಿರಲಿಲ್ಲ, ನನಗೂ ಹೇಳಲು ಬರುತ್ತಿರಲಿಲ್ಲ. ಹೂಂ ಬರಲಿಲ್ಲ, ಅಷ್ಟೆ. ಕೊನೆಯ ವರ್ಷಗಳಲ್ಲಿ ಅವಳ ಕಣ್ಣು ಮಂಜಾಗಿ ಬರೆಯಲು ಆಗದೆ ಹೋದಾಗ ಒಂದು ಟೇಪ್ ರೆಕಾರ್ಡರ್ ಬಂತು. ಆಗ ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನು ಹೇಳುತ್ತಿದ್ದಳು, ಕ್ಯಾಸೆಟ್ಟು ಪೇಟೆಯ ಟೈಪಿಸ್ಟಿಗೆ ಹೋಗುತ್ತಿತ್ತು. ಟೈಪಿಸ್ಟಿಗೂ ಅದೇ ಕಟ್ಟಳೆ. ಕೊನೆಯಲ್ಲಿ ಹೂಂ ಕೇಳಿಸಿದ ವಾಕ್ಯವನ್ನು ಮಾತ್ರ ಟೈಪ್ ಮಾಡಬೇಕು, ಉಳಿದದ್ದನ್ನು ಬಿಡಬೇಕು. ಆ ಮನುಷ್ಯ ನನ್ನನ್ನು ದಾರಿಯಲ್ಲಿ ಕಂಡರೆ, “ಸ್ವಲ್ಪ ಜೋರಾಗಿ ಅನ್ನಿ ಮಾರಾಯ್ರೇ, ಇದು ಹೂಂ ಅಂತಲೋ ನೊಣ ಅಂತಲೋ ಗೊತ್ತಾಗಲ್ಲ” ಎಂದು ರೇಗಿಸುತ್ತಿದ್ದ. ಈಗ ಅವನೂ ಇಲ್ಲ.

ಹಾಗೆ ತುಂಬಿದ ಕ್ಯಾಸೆಟ್ಟುಗಳು ಮೂವತ್ತು. ಮೂವತ್ತೊಂದನೆಯದು ಟೈಪಿಸ್ಟನ ಹತ್ತಿರ ಹೋಗಲೇ ಇಲ್ಲ.

ಆರು ವರ್ಷದ ಹಿಂದಿನ ಆ ಮಧ್ಯಾಹ್ನ ಅಕ್ಕ ಏಳನೆಯ ಪುಸ್ತಕದ ಕೊನೆಯ ಅಧ್ಯಾಯ ಹೇಳುತ್ತಿದ್ದಳು. ಮಡುವಿನಲ್ಲಿ ಮೀನು ಮೊಟ್ಟೆಯಿಡುವ ಬಗ್ಗೆ ಚೆನ್ನಾಗಿ ಬರುತ್ತಿತ್ತು. ನಾನು ಹೂಂ, ಹೂಂ ಎನ್ನುತ್ತಾ ಹೊಳೆ ನೋಡುತ್ತಿದ್ದೆ. ಆಮೇಲೆ ಅವಳು ಹೇಳಿದಳು: “ಈ ದಂಡೆಯ ಎಲ್ಲ ಗಾಯಗಳನ್ನೂ ಬರೆದಿದ್ದೇನೆ, ಒಂದನ್ನು ಬಿಟ್ಟು.” ನಾನು ಹೂಂ ಅಂದೆ. “ಅದು ನಮ್ಮ ಅಂಗಳದಲ್ಲೇ ಇದೆ. ನನ್ನ ತಮ್ಮನ ಶೆಡ್ಡಿನ ಡಾಂಬರು ಮಳೆಗಾಲಕ್ಕೊಮ್ಮೆ ಈ ಮಡುವಿಗೆ ಇಳಿಯುತ್ತದೆ. ಆ ಶೆಡ್ಡು ಇಲ್ಲಿಂದ ಹೋಗಬೇಕು.”

ಹೇಳಿ ನಿಂತಳು. ಹೂಂಗಾಗಿ.

ಮಾತು ಸುಳ್ಳಾಗಿರಲಿಲ್ಲ. ಅದು ನನಗೂ ಗೊತ್ತಿತ್ತು. ಆದರೆ ಅವಳ ಮೊದಲ ಎರಡು ಪುಸ್ತಕಗಳ ಕಾಲಕ್ಕೆ ಈ ಮನೆಯ ಒಲೆ ಉರಿದದ್ದು ಅದೇ ಡಾಂಬರಿನಿಂದ. ಊಟಕ್ಕೆ ಕೂತಾಗ, “ಮರಕುಟಿಗಾ, ಹೀಗೆ ಕಣೋ” ಅಂದಿದ್ದರೆ ಅದೇ ವಾರ ಕೀಳುತ್ತಿದ್ದೆನೇನೋ. ಮೇಲ್ದಂಡೆಯ ಕಾರ್ಖಾನೆಯವನಿಗೆ ಹೇಳುವ ಹಾಗೆ, ವಾಕ್ಯ ಮಾಡಿ, ಟೇಪು ಹಾಕಿಕೊಂಡು, ನನ್ನಿಂದಲೇ ಹೂಂ ಅನ್ನಿಸಿಕೊಳ್ಳಲು ಕಾಯುತ್ತಿದ್ದಾಳಲ್ಲ ಎಂದು ಸಿಟ್ಟು ಬಂತು. ಸದ್ದಾಗದ ಹಾಗೆ ಎದ್ದೆ. ಮೆಟ್ಟಿಲಿಳಿದು, ದೋಣಿ ಬಿಚ್ಚಿ, ಆಚೆ ದಡಕ್ಕೆ ಹುಟ್ಟು ಹಾಕಿದೆ. ಕಣ್ಣು ಕಾಣದವಳು, ನಾನು ಎದ್ದು ಹೋದದ್ದನ್ನು ನೋಡಿರಲಾರಳು. ಕಾಯಲಿ ಅಂದುಕೊಂಡೆ.

ಸಂಜೆ ಐದೂವರೆಗೆ ವಾಪಸು ಬಂದಾಗ ಅವಳ ತಲೆ ಮೇಜಿನ ಮೇಲಿತ್ತು. ಟೇಪು ಮುಗಿದು ರೆಕಾರ್ಡರಿನ ಗುಂಡಿ ತಾನಾಗಿಯೇ ಮೇಲೆ ಬಂದಿತ್ತು. ಮಿದುಳಿನ ನರ ಒಡೆದಿದೆ, ಮೂರು ಗಂಟೆಯಿಂದ ಐದರೊಳಗೆ ಯಾವಾಗಲೋ ಆಗಿರಬೇಕು ಎಂದರು ಡಾಕ್ಟರು. “ಪಕ್ಕದಲ್ಲಿ ಯಾರೂ ಇರ್ಲಿಲ್ವಾ?” ಎಂದು ಕೇಳಿದರು. ನಾನು ಇದ್ದೆ ಎಂದೂ ಹೇಳಲಿಲ್ಲ, ಇರಲಿಲ್ಲ ಎಂದೂ ಹೇಳಲಿಲ್ಲ.

ಜನ ಬಂದು ತುಂಬುವ ಮೊದಲೇ ಆ ಕ್ಯಾಸೆಟ್ಟನ್ನು ತೆಗೆದು ನನ್ನ ಹತಾರದ ಪೆಟ್ಟಿಗೆಯ ಅಡಿಗೆ ಹಾಕಿದೆ. ಕೇಳುವ ಧೈರ್ಯ ಬರಲಿಲ್ಲ. ಅವಳು ನನ್ನನ್ನು ಕರೆದಿದ್ದರೆ? ಒಂದು ಸಲ ಅಲ್ಲ, ಹತ್ತು ಸಲ ಕರೆದಿದ್ದರೆ? ತಿಂಗಳು ತುಂಬುವುದರೊಳಗೆ ಶೆಡ್ಡನ್ನು ನಾನೇ ಕಿತ್ತೆ. ಮೊಳೆ ಮೊಳೆಯಾಗಿ, ಯಾರ ಸಹಾಯವನ್ನೂ ಕರೆಯದೆ. ಪತ್ರಿಕೆಯವರು ಬಂದು, ಅಕ್ಕನ ಆದರ್ಶಕ್ಕಾಗಿ ತಮ್ಮನ ತ್ಯಾಗ ಎಂದು ಬರೆದುಕೊಂಡು ಹೋದರು. ಈಗ ಅಲ್ಲಿ ಟಿಕೆಟ್ ಕೊಡುವ ಗೂಡು ಇದೆ. ಪೆಟ್ಟಿಗೆ ಮಾತ್ರ ನನ್ನ ಮಂಚದ ಅಡಿಯಲ್ಲಿ, ತೇವದ ನೆಲದ ಮೇಲೆ ಹಾಗೇ ಇತ್ತು.

ಈ ವರ್ಷ ಮ್ಯಾನೇಜರಮ್ಮನಿಗೆ ಅಕ್ಕನ ದನಿಯನ್ನು ಕೋಣೆಯಲ್ಲಿ ಕೇಳಿಸಬೇಕು ಅನ್ನಿಸಿತು. ಹಗ್ಗದ ಬಳಿ ಒಂದು ಗುಂಡಿ. ಒತ್ತಿದರೆ ಅಕ್ಕ ಮಾತಾಡುತ್ತಾಳೆ. ಕ್ಯಾಸೆಟ್ಟುಗಳ ಲೆಕ್ಕ ಬರೆದಿಟ್ಟಿದ್ದ ಅಕ್ಕನ ನೋಟ್‌ಬುಕ್ಕು ತೆಗೆದು ನೋಡಿದಳು. ಕೊನೆಯ ದಿನಾಂಕದ ಮುಂದೆ, ಕಣ್ಣು ಕಾಣದವಳ ಸೊಟ್ಟ ಅಕ್ಷರದಲ್ಲಿ, ‘31’ ಎಂದಿತ್ತು.

“ಅಂಕಲ್, ಮೂವತ್ತೊಂದು ಎಲ್ಲಿ?”

“ಇರಬಹುದಮ್ಮ ಎಲ್ಲೋ.”

“ಕೊನೇ ಅಧ್ಯಾಯ ಅದು! ಪುಸ್ತಕದಲ್ಲೇ ಇಲ್ಲ. ಯಾರೂ ಕೇಳಿಲ್ಲ. ನಿಮಗೇನೂ ಅನ್ಸಲ್ವಾ?”

ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತ್ತು. ಅಕ್ಕನನ್ನು ಒಮ್ಮೆಯೂ ನೋಡದವಳು. ಮಾರನೆಯ ದಿನ ಪೆಟ್ಟಿಗೆ ಎಳೆದು, ಕ್ಯಾಸೆಟ್ಟನ್ನು ಅವಳ ಕೈಯಲ್ಲಿಟ್ಟೆ. ಹತಾರದ ನಡುವೆ ಸಿಕ್ಕಿತು ಎಂದೆ.

ಕ್ಯಾಸೆಟ್ಟುಗಳನ್ನು ಸರಿಮಾಡಲು ಪೇಟೆಯಿಂದ ಒಬ್ಬ ತಂತ್ರಜ್ಞ ಬಂದ. ಐವತ್ತರ ಆಸುಪಾಸು, ಅಗಲ ಕಿವಿ, ಕುತ್ತಿಗೆಗೆ ಡಾಕ್ಟರ ಹಾಗೆ ನೇತುಹಾಕಿಕೊಂಡ ಹೆಡ್‌ಫೋನು. ಮ್ಯಾನೇಜರಮ್ಮ ಅವನನ್ನು ಕಿವಿ ಡಾಕ್ಟ್ರು ಎನ್ನುತ್ತಿದ್ದಳು, ಅವನಿಗೂ ಆ ಹೆಸರು ಹಿಡಿಸಿತ್ತು. ಊಟದ ಕೋಣೆಯಲ್ಲಿ ತನ್ನ ಯಂತ್ರಗಳನ್ನು ಜೋಡಿಸಿಕೊಂಡು ಮೊದಲನೆಯ ಕ್ಯಾಸೆಟ್ಟು ಹಾಕಿದ.

ಅಕ್ಕನ ದನಿ ಬಂತು. ಆರು ವರ್ಷದ ಮೇಲೆ.

ಒಂದು ವಾಕ್ಯ. ಆಮೇಲೆ ದೂರದಿಂದ, ಕೊಡದೊಳಗಿಂದ ಬಂದಂತೆ, ‘ಹೂಂ.’

“ಇದ್ಯಾರು ಯಜಮಾನ್ರೇ, ಹಿಂದೆ ಎಮ್ಮೆ ಕಟ್ಟಿದ್ರಾ?”

“ನಾನೇ” ಎಂದೆ.

ಅವನು ನಾಲಿಗೆ ಕಚ್ಚಿಕೊಂಡ. ಮ್ಯಾನೇಜರಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ನಗುವಾಗಲೇ ನನ್ನ ತಲೆಯಲ್ಲಿ ಲೆಕ್ಕವೊಂದು ಓಡುತ್ತಿತ್ತು. ಮೂವತ್ತು ಕ್ಯಾಸೆಟ್ಟಿನಲ್ಲೂ ವಾಕ್ಯಕ್ಕೊಂದು ಹೂಂ. ಮೂವತ್ತೊಂದನೆಯದರಲ್ಲಿ ನಡುವೆ ಎಲ್ಲೋ ಅದು ನಿಂತುಹೋಗುತ್ತದೆ. ಕಿವಿ ಇದ್ದ ಯಾರಿಗಾದರೂ ಗೊತ್ತಾಗುತ್ತದೆ. ತಮ್ಮ ಎಲ್ಲಿ ಹೋದ ಎಂದು ಕೇಳುತ್ತಾರೆ.

“ಡಾಕ್ಟ್ರೇ” ಎಂದೆ. “ನನ್ನ ಹೂಂ ತೆಗೆದುಬಿಡೋಕಾಗುತ್ತಾ?”

“ಯಾಕ್ರೀ? ಚೆನ್ನಾಗೇ ಇದೆ.”

“ಬಂದೋರು ಅಕ್ಕನ ಮಾತು ಕೇಳೋಕೆ ಬರ್ತಾರೆ. ನಡುನಡುವೆ ನನ್ನ ಗೊರಗೊರ ಯಾಕೆ?”

“ಅಂಕಲ್, ಇರ್ಲಿ ಬಿಡಿ, ಮುದ್ದಾಗಿದೆ” ಎಂದಳು ಮ್ಯಾನೇಜರಮ್ಮ.

“ಬೇಡ. ಒಂದೂ ಇರಬಾರದು. ಎಲ್ಲದರಲ್ಲೂ. ಕೊನೇದ್ರಲ್ಲೂ.”

ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ನಿಮ್ಮಿಷ್ಟ ಎಂದಳು. ಕಿವಿ ಡಾಕ್ಟ್ರು ಒಂದು ಕಾಗದ ಕೊಟ್ಟ. ವಾರಸುದಾರರು ಸಹಿ ಹಾಕಬೇಕಾದ್ದು. ಶುಚಿ ಮಾಡುವ ಮುಂಚಿನ ಪ್ರತಿಗಳನ್ನು ಯಂತ್ರದಲ್ಲಿ ಉಳಿಸಬೇಕೇ ಎಂದು ಅದರಲ್ಲಿ ಕೇಳಿತ್ತು. “ಉಳಿಸೋದು ಒಳ್ಳೇದು ಯಜಮಾನ್ರೇ” ಎಂದ. ನಾನು ‘ಬೇಡ’ ಎಂಬ ಕಡೆ ಗುರುತು ಹಾಕಿ, ಸಹಿ ಮಾಡಿದೆ. ಕೊನೆಯ ಕ್ಯಾಸೆಟ್ಟಿನಲ್ಲಿ ಏನಿದೆ ಎಂದು ನನಗೆ ಹೇಳಬಾರದು ಎಂದೂ ಕೇಳಿಕೊಂಡೆ. ದುಃಖ ತಡೆಯಲಾರದೆ ಹೀಗಂತಾನೆ ಅಂದುಕೊಂಡರು ಇಬ್ಬರೂ.

ಎರಡು ವಾರದ ನಂತರ ಅವನ ಫೋನು ಬಂತು. ಮೂವತ್ತೊಂದನೆಯದು ಮಾತ್ರ ತುಂಬಾ ಹಾಳಾಗಿತ್ತಂತೆ. ತೇವ ಕುಡಿದು ಟೇಪಿನ ಮೇಲಿನ ಪದರವೇ ಸಡಿಲವಾಗಿತ್ತಂತೆ. “ಒಂದೇ ಒಂದು ಸಲ ಓಡ್ತು. ಓಡ್ತಾ ಓಡ್ತಾನೇ ಕಂದು ಪುಡಿಯಾಗಿ ಉದುರಿಹೋಯ್ತು. ಈಗ ಖಾಲಿ ಪಟ್ಟಿ. ಆದ್ರೆ ಗಾಬರಿ ಬೇಡ, ಓಡುವಾಗಲೇ ಪೂರ್ತಿ ಇಳಿಸ್ಕೊಂಡಿದ್ದೀನಿ. ಶುಚಿ ಮಾಡಿದ್ದೂ ಆಯ್ತು.” ನನಗೆ ಸಮಾಧಾನವೇ ಆಯಿತು. ಉದುರಿಹೋದದ್ದಕ್ಕೆ. ದೇವರು ದೊಡ್ಡವನು ಎಂದೂ ಅಂದುಕೊಂಡೆ. ಆ ಮಾತು ಈಗ ನೆನೆದರೆ ನಾಚಿಕೆಯಾಗುತ್ತದೆ.

ಗುಂಡಿ ಕೂರಿಸಲು ಅವನು ಬಂದದ್ದು ಉದ್ಘಾಟನೆಯ ಹಿಂದಿನ ದಿನ, ರಜೆಯ ಮಧ್ಯಾಹ್ನ. ಮನೆಯಲ್ಲಿ ನಾವಿಬ್ಬರೇ. ಅವನು ಹಗ್ಗದಾಚೆ ಮೊಣಕಾಲೂರಿ ತಂತಿ ಸೇರಿಸುತ್ತಿದ್ದ, ನಾನು ತಿರುಪುಮೊಳೆಗಳನ್ನು ಹಿಡಿದು ನಿಂತಿದ್ದೆ. ಮ್ಯಾನೇಜರಮ್ಮ ಕೇಳಿಸಲು ಆರಿಸಿದ್ದು ಕೊನೆಯ ಅಧ್ಯಾಯವನ್ನೇ. ಅದು ನನಗೆ ಗೊತ್ತಿತ್ತು. ನಾಳೆಯಿಂದ ದಿನಕ್ಕೆ ಇಪ್ಪತ್ತು ಸಲ ಕೇಳಲೇಬೇಕು, ಹಾಗಿರುವಾಗ ಇವತ್ತೇ ಗೊತ್ತಾಗಿಬಿಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

“ಡಾಕ್ಟ್ರೇ, ಕೊನೇಲಿ ಅವಳು ಯಾರನ್ನಾದ್ರೂ ಕರೀತಾಳಾ?”

“ಕರಿಯೋದಾ? ಇಲ್ವಲ್ಲ.”

“ಸರಿಯಾಗಿ ನೆನಪು ಮಾಡ್ಕೊಳ್ಳಿ. ಮರಕುಟಿಗ ಅಂತ. ಅಥವಾ ನೋವಿನ ಸದ್ದು ಏನಾದ್ರೂ.”

“ಇಲ್ಲ ಯಜಮಾನ್ರೇ. ಒಂದೊಂದು ಸೆಕೆಂಡೂ ಕೇಳಿದ್ದೀನಿ. ನೆಮ್ಮದಿಯಾಗಿ ಹೇಳಿ ಮುಗಿಸಿದ್ದಾರೆ. ಆಮೇಲೆ ಬರೀ ಹೊಳೆ ಸದ್ದು, ಟೇಪು ಮುಗಿಯೋವರೆಗೂ.”

ಆರು ವರ್ಷದಿಂದ ಎದೆಯ ಮೇಲಿದ್ದ ಚಪ್ಪಡಿ ಸರಿದ ಹಾಗಾಯಿತು. ನಾನು ಬಾಗಿಲ ಚೌಕಟ್ಟಿಗೆ ಒರಗಿದೆ. ಅವನು ತಂತಿ ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತು ಮುಂದುವರಿಸಿದ.

“ನಿಮ್ಮ ಹೂಂಗಳದ್ದೇ ನಂಗೆ ಕಷ್ಟ ಆಗಿದ್ದು. ಬೇರೆ ಕ್ಯಾಸೆಟ್ಟಲ್ಲಿ ದೂರದಿಂದ ಬರುತ್ತೆ, ಸುಲಭವಾಗಿ ತೆಗೀಬಹುದು. ಕೊನೇದ್ರಲ್ಲಿ ಮೈಕಿನ ಪಕ್ಕದಲ್ಲೇ ಇದ್ದೀರಿ. ಅವತ್ತು ಒಳಗೇ ಕೂತಿದ್ರಿ ಅಲ್ವಾ?”

“ಯಾವಾಗ?”

“ಕೊನೇ ಭಾಗದಲ್ಲಿ. ಮೊದಲು ಹೊರಗಿದ್ದೀರಿ, ಆಮೇಲೆ ಒಳಗೆ ಬಂದಿದ್ದೀರಿ. ಹತ್ತೊಂಬತ್ತು ಹೂಂ, ಒಂದಾದ ಮೇಲೊಂದು. ಒಂದೂ ಬಿಡದ ಹಾಗೆ ತೆಗೆದು, ನಡುವಿನ ಖಾಲಿ ಜಾಗಾನೂ ಮುಚ್ಚಿದ್ದೀನಿ.”

ನನ್ನ ಕೈಯಿಂದ ತಿರುಪುಮೊಳೆಗಳು ಜಾರಿ ನೆಲದ ತುಂಬಾ ಉರುಳಿದವು. ಅವನು ಅವನ್ನು ಆರಿಸಲು ಬಗ್ಗಿದವನು ನನ್ನ ಮುಖ ನೋಡಿ ಅಲ್ಲೇ ನಿಂತ.

“ಅವತ್ತು ನಾನು ಇರಲಿಲ್ಲ” ಎಂದೆ.

“ಅಂದ್ರೆ?”

“ನಡುವೇನೇ ಎದ್ದು ಹೋದೆ. ಸಿಟ್ಟಲ್ಲಿ. ಆಚೆ ದಡದಲ್ಲಿದ್ದೆ. ಮನೇಲಿ ಅವಳೊಬ್ಬಳೇ.”

ಅವನು ಬಾಯಲ್ಲಿದ್ದ ತಂತಿಯನ್ನು ನಿಧಾನವಾಗಿ ತೆಗೆದ.

“ಗಂಡಸಿನ ದನಿ ಹಾಗೇ ಇತ್ತಲ್ಲ ಯಜಮಾನ್ರೇ. ದಪ್ಪಕ್ಕೆ. ನಿಮ್ಮದೇ ಇತ್ತು.”

“ಅವಳಿಗೆ ನನ್ನ ಹಾಗೆ ಅನ್ನೋಕೆ ಬರ್ತಿತ್ತು. ಚಿಕ್ಕಂದಿನಲ್ಲಿ ನಾನು ನಿದ್ದೆ ಹೋದ್ರೆ ನನ್ನ ಪಾಲಿನದ್ದೂ ಅವಳೇ ಅಂತಿದ್ಲು. ಅಮ್ಮನಿಗೆ ಗೊತ್ತಾಗದ ಹಾಗೆ. ಕಥೆ ನಿಲ್ಲಬಾರದು ಅಂತ.”

ಅವನು ನೆಲದ ಮೇಲೆ ಕೂತುಬಿಟ್ಟ. ನಾನೂ ಕೂತೆ. ಹಗ್ಗ ನಮ್ಮಿಬ್ಬರ ನಡುವೆ ಇತ್ತು.

“ಆ ಶೆಡ್ಡು ಇಲ್ಲಿಂದ ಹೋಗಬೇಕು ಅಂತ ಒಂದು ವಾಕ್ಯ ಬರುತ್ತೆ” ಎಂದೆ. “ಅದಾದ ಮೇಲೆ ಹೂಂ ಇತ್ತಾ?”

ಅವನು ಕಣ್ಣು ಮುಚ್ಚಿ ಯೋಚಿಸಿದ. ಅವನ ಕಿವಿ ಸುಳ್ಳು ಹೇಳುವ ಕಿವಿಯಲ್ಲ. “ಇಲ್ಲ. ಅಲ್ಲಿ ಇರಲಿಲ್ಲ. ಅಲ್ಲಿ ಏನೂ ಇಲ್ಲ. ಒಂದೂವರೆ ನಿಮಿಷ, ಬರೀ ಖಾಲಿ. ಉದ್ದ ಆಯ್ತು ಅಂತ ಕತ್ತರಿಸಿದೆ. ಖಾಲಿ ಮುಗಿಯೋ ಹೊತ್ತಿಗೆ ಸಣ್ಣದಾಗಿ ಒಂದು ಉಸಿರು. ನಕ್ಕ ಹಾಗೆ. ಆಮೇಲೆ ಅವರು ಮುಂದಿನ ವಾಕ್ಯ ಶುರು ಮಾಡ್ತಾರೆ, ಅಲ್ಲಿಂದ ಹತ್ತಿರದ ಹೂಂಗಳು. ಆ ಉಸಿರನ್ನೂ ತೆಗೆದೆ. ಗಲಾಟೆ ಅಂತ.”

ಒಂದೂವರೆ ನಿಮಿಷ ಕಾದಿದ್ದಾಳೆ. ನಾನು ಎದ್ದು ಹೋದದ್ದು ಗೊತ್ತಾಗಿದೆ. ಶೆಡ್ಡಿನ ವಾಕ್ಯದ ಹಿಂದೆ ಹೂಂ ಹಾಕುವುದು ಅವಳಿಗೆ ಎಷ್ಟು ಹೊತ್ತಿನ ಕೆಲಸ? ಹಾಕಲಿಲ್ಲ. ಅದನ್ನು ನನ್ನ ಪಾಲಿಗೆ ಬಿಟ್ಟಳು. ಉಳಿದ ಮೀನು, ಮಡು, ಮಳೆ ಎಲ್ಲಕ್ಕೂ ತಾನೇ ಹೂಂಗುಟ್ಟಿಕೊಂಡು ಹೋದಳು. ಆ ಕ್ಯಾಸೆಟ್ಟನ್ನು ನಾನು ಬಚ್ಚಿಡದೆ ಟೈಪಿಸ್ಟಿಗೆ ಕಳಿಸಿದ್ದರೆ, ಅವನು ಕಟ್ಟಳೆಯಂತೆ ಅಧ್ಯಾಯವನ್ನೆಲ್ಲ ಟೈಪ್ ಮಾಡಿ, ಆ ಒಂದು ವಾಕ್ಯವನ್ನು ಬಿಡುತ್ತಿದ್ದ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ನಕ್ಕಿದ್ದಾಳೆ.

“ತೆಗೆದದ್ದು ಎಲ್ಲಿ ಹೋಗುತ್ತೆ ಡಾಕ್ಟ್ರೇ?”

“ಎಲ್ಲೂ ಹೋಗಲ್ಲ ಯಜಮಾನ್ರೇ. ಇರಲ್ಲ, ಅಷ್ಟೆ.”

“ಮುಂಚಿನ ಪ್ರತಿ?”

ಕೇಳಬೇಕಾಗಿಯೂ ಇರಲಿಲ್ಲ, ಕಾಗದದ ಮೇಲೆ ಗುರುತು ಹಾಕಿದ್ದು ನಾನೇ. ಆದರೂ ಅವನು ಪೇಟೆಗೆ ಫೋನು ಮಾಡಿದ. ಹುಡುಕಿಸಿದ. ಇನ್ನೊಂದು ಯಂತ್ರದಲ್ಲಿ ನೋಡಿ, ಹಳೆಯ ಡಿಸ್ಕಿನಲ್ಲಿ ನೋಡಿ ಎಂದು ಯಾರನ್ನೋ ಬೈದ. ಆಚೆಯವನು ಏನು ಹೇಳಿದನೆಂದು ಅವನ ಭುಜ ಇಳಿದದ್ದರಿಂದಲೇ ತಿಳಿಯಿತು.

“ನಾಳೆ ಕಾರ್ಯಕ್ರಮ ಮುಂದಕ್ಕೆ ಹಾಕ್ಸೋಣ” ಎಂದ. “ನೀವು ಈಗ ಮೈಕಿನ ಮುಂದೆ ಹೂಂ ಅನ್ನಿ. ಹತ್ತೊಂಬತ್ತು ಸಲ. ಎಲ್ಲೆಲ್ಲಿ ಇತ್ತು ಅಂತ ನನ್ನ ಹತ್ರ ಪಟ್ಟಿ ಇದೆ. ಜಾಗ ಬಿಡಿಸಿ ಅಲ್ಲಲ್ಲೇ ಕೂರಿಸ್ತೀನಿ. ದೇವರಾಣೆ, ಯಾರಿಗೂ ಗೊತ್ತಾಗಲ್ಲ.”

“ಅದು ನಂದಲ್ಲವಲ್ಲ.”

“ನಿಮ್ಮ ಹಾಗೇ ಇತ್ತು ಅಂದ್ನಲ್ಲ ಯಜಮಾನ್ರೇ.”

“ಅದಕ್ಕೇ ಬೇಡ.”

ಅವನು ಹೆಡ್‌ಫೋನನ್ನು ಕುತ್ತಿಗೆಯಿಂದ ತೆಗೆದು ನೆಲದ ಮೇಲಿಟ್ಟ. ತಪ್ಪು ಅವನದಲ್ಲ ಎಂದು ಹೇಳಬೇಕಿತ್ತು, ಹೇಳಿದೆ. ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

“ಹೇಗಿತ್ತು ಅಂತ ಒಂದು ಸಲ ಅಂದು ತೋರಿಸ್ತೀರಾ?” ಎಂದು ಕೇಳಿದೆ. “ನೀವೊಬ್ರೇ ಕೇಳಿರೋದು.”

ಅವನು ಸಂಕೋಚಪಟ್ಟ. ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿ ಒಂದು ಸಲ ಅಂದ. ತಲೆಯಾಡಿಸಿ, “ಇಲ್ಲ, ಹೀಗಲ್ಲ” ಎಂದು ಮತ್ತೆ ಅಂದ. ಇನ್ನಷ್ಟು ಮೆಲ್ಲಗೆ ಇನ್ನೊಂದು ಸಲ. “ಕೊನೇದು ಸ್ವಲ್ಪ ಎಳೆದ ಹಾಗಿತ್ತು” ಎಂದು ಎಳೆದು ನೋಡಿದ. ಪೇಟೆಯಿಂದ ಬಂದ ಒಬ್ಬ ದಣಿದ ಮನುಷ್ಯನ ಗಂಟಲು. ಅದರಲ್ಲಿ ಅಕ್ಕ ಇರಲಿಲ್ಲ, ನಾನೂ ಇರಲಿಲ್ಲ. ನಾನು ಕಿವಿ ಮುಂದಕ್ಕೆ ಚಾಚಿ, ಅಮ್ಮನ ದೀಪದ ಮುಂದೆ ಕೂತವನ ಹಾಗೆ ಕೇಳುತ್ತಲೇ ಇದ್ದೆ. ಅವನು ನಿಲ್ಲಿಸಿ, ಮುಖ ಆ ಕಡೆ ತಿರುಗಿಸಿಕೊಂಡ.

“ಸಾಕು ಡಾಕ್ಟ್ರೇ. ಕೊನೇ ಬಸ್ಸು ತಪ್ಪುತ್ತೆ ನಿಮಗೆ. ಗುಂಡಿ ಕೂರಿಸಿಬಿಡಿ” ಎಂದೆ.

ಅವನು ಕೆಲಸ ಮುಗಿಸಿದ. ಹೋಗುವ ಮುಂಚೆ ಗುಂಡಿ ಒತ್ತಿ ಪರೀಕ್ಷಿಸಬೇಕಿತ್ತು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ.

ಮಾರನೆಯ ದಿನ ಇನ್ನೂರಕ್ಕೂ ಹೆಚ್ಚು ಜನ ಬಂದರು. ಮ್ಯಾನೇಜರಮ್ಮ ಹೊಸ ಸೀರೆ ಉಟ್ಟಿದ್ದಳು. ಒಳಗೆ ಒಂದು ಸಲಕ್ಕೆ ಹನ್ನೆರಡು ಜನ. ನಾನು ಹಗ್ಗದ ಪಕ್ಕದಲ್ಲಿ ನನ್ನ ಜಾಗದಲ್ಲಿದ್ದೆ. ಮೊದಲ ಗುಂಪಿನಲ್ಲಿದ್ದ ಮಗುವಿನ ಕೈಯಿಂದ ಗುಂಡಿ ಒತ್ತಿಸಿದರು.

ಅಕ್ಕ ಹೇಳತೊಡಗಿದಳು. ಮೀನು ಬಂತು, ಮಡು ಬಂತು. ದಂಡೆಯ ಗಾಯಗಳು ಬಂದವು. ‘ಆ ಶೆಡ್ಡು ಇಲ್ಲಿಂದ ಹೋಗಬೇಕು’ ಎಂದಳು, ಆ ಮಾತು ಮುಗಿಯುವುದರೊಳಗೆ ಮಳೆ ಬಂತು, ಮಳೆಯ ಹಿಂದೆಯೇ ಹೊಸನೀರು ಬಂತು. ಒಂದು ಕಡೆ ಉಸಿರೂ ಇಲ್ಲ. ಒಂದು ವಾಕ್ಯದ ಬಾಲವನ್ನು ಇನ್ನೊಂದು ತುಳಿಯುತ್ತಾ, ಅವಳು ಬದುಕಿದ್ದಾಗ ಎಂದೂ ಓದದ ಹಾಗೆ, ತಡೆಯಿಲ್ಲದೆ, ಹನ್ನೊಂದು ನಿಮಿಷ. ನನ್ನ ಗಂಟಲಲ್ಲಿ ಪ್ರತಿ ವಾಕ್ಯಕ್ಕೂ ಏನೋ ಏಳುತ್ತಿತ್ತು. ಅದು ತುಟಿಗೆ ಬರುವಷ್ಟರಲ್ಲಿ ಅವಳು ಎರಡು ವಾಕ್ಯ ಮುಂದೆ ಹೋಗಿರುತ್ತಿದ್ದಳು.

ಮುಗಿದಾಗ ಯಾರೋ ಚಪ್ಪಾಳೆ ತಟ್ಟಿದರು. ನಿವೃತ್ತ ಮೇಷ್ಟ್ರ ಹಾಗೆ ಕಾಣುತ್ತಿದ್ದ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಎಂಥಾ ಓಘ ರೀ! ಕಣ್ಣಿಲ್ಲದೆ, ಕಾಗದ ಇಲ್ಲದೆ, ಒಂದು ಕಡೆನೂ ನಿಲ್ಲದೆ. ಯಾರ ಹಂಗೂ ಇಲ್ಲದ ಹಾಗೆ ಹೇಳಿದ್ದಾರೆ. ನೀವು ಅವರನ್ನ ನೋಡಿದ್ರಾ?”

“ನೋಡಿದ್ದೆ” ಎಂದೆ.

“ಪುಣ್ಯವಂತರು” ಎಂದು ನನ್ನ ಕೈ ಒತ್ತಿ ಹೊರಗೆ ಹೋದರು.

ಬಾಗಿಲಲ್ಲಿ ಮುಂದಿನ ಹನ್ನೆರಡು ಜನ ಕಾಯುತ್ತಿದ್ದರು. ಹಗ್ಗದಿಂದ ಸ್ವಲ್ಪ ಹಿಂದೆ ನಿಲ್ಲಿ ಎಂದು ಅವರಿಗೆ ಹೇಳಿದೆ. ಅವರಲ್ಲೊಬ್ಬಳು ಗುಂಡಿ ಇದೇನಾ ಎಂದು ಕೇಳಿದಳು. ಅದೇ, ಒತ್ತಮ್ಮ ಎಂದೆ.